ಮಳೆಯಿಲ್ಲದ ದಿನದ ಸೋರಿಕೆ

ಟೆಕ್ಸಾಸಿನ ಕರಾವಳಿ ಊರು ರಾಕ್‌ಪೋರ್ಟ್‌ನಲ್ಲಿ ಜೂನ್ ತಿಂಗಳ ಬೆಳಿಗ್ಗೆ ಏಳು ಗಂಟೆಗೇ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಎದುರಿಗೆ ಅರಾನ್ಸಸ್ ಕೊಲ್ಲಿ, ಅದರಾಚೆ ತೆಳ್ಳಗೆ ಎಳೆದಂತಿರುವ ಮರಳಿನ ದ್ವೀಪ, ಅದರಾಚೆ ಮೆಕ್ಸಿಕೋ ಕೊಲ್ಲಿಯ ತೆರೆದ ನೀರು. ಕಡಲ ಗಾಳಿಗೆ ವರ್ಷಾನುಗಟ್ಟಲೆ ಮೈಯೊಡ್ಡಿದ ಲೈವ್ ಓಕ್ ಮರಗಳು ಒಳನಾಡಿನ ಕಡೆಗೆ ವಾಲಿ, ಹಾಗೆಯೇ ಬೆಳೆದುಬಿಟ್ಟಿವೆ. ಆ ಮರಗಳ ಕೆಳಗೆ ಸಾಲುಸಾಲಾಗಿ ನಿಂತಿವೆ ಗಾಲಿಮನೆಗಳು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ ಈ ಮನೆಗಳನ್ನು ಇಲ್ಲಿಯವರು ಕ್ಯಾಂಪರ್ ಎನ್ನುತ್ತಾರೆ, ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ, ಪ್ರೀತಿ ಬಂದಾಗ ಬರೀ ‘ರಿಗ್’ ಎನ್ನುತ್ತಾರೆ. ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಬಿಳಿಯ ಪ್ಲಾಸ್ಟಿಕ್ ಗೂನು. ಅದೇ ಎಸಿ. ಹತ್ತಿಪ್ಪತ್ತು ಗೂನುಗಳು ಒಟ್ಟಿಗೆ ಗುಂಯ್‌ಗುಟ್ಟುವ ಸದ್ದಿನಲ್ಲಿ ಕಡಲಿನ ಸದ್ದು ಮುಳುಗಿಹೋಗಿದೆ.

ಒಂದು ಟ್ರೇಲರಿನ ಗೂನು ಮಾತ್ರ ಸುಮ್ಮನಿದೆ. ಬಾಗಿಲು ತೆರೆದಿದೆ, ಕಿಟಕಿಗಳೆಲ್ಲ ತೆರೆದಿವೆ. ಒಳಗೆ ಅಡುಗೆಕಟ್ಟೆಯ ಪಕ್ಕದ ನೆಲದಲ್ಲಿ ಒಂದು ಸ್ಟೀಲ್ ಬೋಗುಣಿ, ಅದರ ತಳದಲ್ಲಿ ರಾತ್ರಿಯ ನೀರು. ಮೇಲೆ, ಎಸಿಯ ಜಾಲರಿಯ ಸುತ್ತ, ಬಿಳಿ ಸೂರಿಗೆ ಚಹಾ ಬಣ್ಣದ ಕಲೆ. ಅಂಚು ದಟ್ಟ, ನಡು ತಿಳಿ. ಒಂದರ ಹೊರಗೊಂದು ಬಳೆಗಳಂತೆ ಹಬ್ಬಿರುವ ಆ ಕಲೆ, ಸೋರಿಕೆ ಒಂದೇ ದಿನದ್ದಲ್ಲವೆಂದು ಹೇಳುತ್ತಿದೆ.

ಈ ಮನೆಯೊಡತಿ ನಿವೃತ್ತ ನರ್ಸ್. ಟ್ರೇಲರ್ ಇವರಿಗೆ ರಜೆಯ ಆಟಿಕೆಯಲ್ಲ, ವರ್ಷವಿಡೀ ವಾಸಿಸುವ ಮನೆ. ಈ ಕರಾವಳಿಯಲ್ಲಿ ಅಂಥವರು ಬಹಳ. ಚಳಿಗಾಲದಲ್ಲಿ ಉತ್ತರದ ಹಿಮದ ರಾಜ್ಯಗಳಿಂದ ಇಳಿದು ಬಂದು ಬೇಸಿಗೆಗೆ ಮುಂಚೆ ಮರಳುವ ‘ವಿಂಟರ್ ಟೆಕ್ಸನ್’ಗಳು ಒಂದು ಬಗೆ. ಮನೆ ಮಾರಿ ಗಾಲಿಯ ಮೇಲೆ ಬದುಕು ಹೂಡಿದವರು ಇನ್ನೊಂದು ಬಗೆ. 2017ರ ಆಗಸ್ಟ್ 25ರ ರಾತ್ರಿ ಹಾರ್ವಿ ಚಂಡಮಾರುತ ರಾಕ್‌ಪೋರ್ಟಿನ ಹತ್ತಿರವೇ ನೆಲಕ್ಕೆ ಅಪ್ಪಳಿಸಿತು. ಆಮೇಲೆ ಮನೆ ಕಳೆದುಕೊಂಡ ಎಷ್ಟೋ ಸಂಸಾರಗಳು ತಿಂಗಳುಗಟ್ಟಲೆ ಇಂಥ ಟ್ರೇಲರುಗಳಲ್ಲೇ ಕಾಲ ತಳ್ಳಿದವು. ಈ ಊರಿನವರಿಗೆ ತಗಡು, ಪ್ಲೈವುಡ್, ರಬ್ಬರಿನ ಈ ಡಬ್ಬಿ ಎಂದರೆ ಮನೆಯೇ. ಮನೆ ಸೋರಿದರೆ ನಿದ್ದೆ ಬಾರದು.

‘ಕಳೆದ ತಿಂಗಳು ಬಿರುಗಾಳಿ ಮಳೆ ಬಂತಲ್ಲ, ಅವತ್ತಿನಿಂದ ಶುರು’ ಎನ್ನುತ್ತಾರೆ ನರ್ಸಮ್ಮ. ‘ನಿನ್ನೆ ಮಳೆಯೇ ಇರಲಿಲ್ಲ. ಆದರೂ ಸೋರಿತು.’

ಎದುರಿಗೆ ನಿಂತು ಕೇಳುತ್ತಿರುವಾಕೆ ಮೆಕ್ಯಾನಿಕ್. ಐವತ್ತು ದಾಟಿದ ಹೆಂಗಸು, ಅಗಲ ಅಂಚಿನ ಟೋಪಿ, ಮೊಣಕಾಲಿಗೆ ಕಟ್ಟಿದ ದಪ್ಪ ಪ್ಯಾಡು. ವ್ಯಾನಿನಲ್ಲೇ ಅಂಗಡಿ ಇಟ್ಟುಕೊಂಡು ಟ್ರೇಲರ್ ಪಾರ್ಕಿನಿಂದ ಪಾರ್ಕಿಗೆ ಹೋಗಿ ದುರಸ್ತಿ ಮಾಡುವ ಕಸುಬು ಆಕೆಯದು. ಜೊತೆಗೆ ಮಗ, ಇಪ್ಪತ್ತರ ಹುಡುಗ. ಆಕೆ ಏಣಿಯನ್ನು ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳುತ್ತಾಳೆ. ಎಸಿ ಹಾಕಿದ ಎಷ್ಟು ಹೊತ್ತಿಗೆ ಹನಿ ಬೀಳುತ್ತದೆ? ಎಸಿ ಆರಿಸಿದ ಮೇಲೆ ನಿಲ್ಲುತ್ತದೆಯೇ? ಟ್ರೇಲರನ್ನು ಇಲ್ಲಿ ನಿಲ್ಲಿಸಿದಾಗ ಮಟ್ಟ ನೋಡಿದ್ದಿರಾ?

ಎರಡು ಮೂರು ಗಂಟೆ ಓಡಿದ ಮೇಲೆ ಬೀಳುತ್ತದೆ, ಆರಿಸಿದ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಮಟ್ಟ ನೋಡಿದ ನೆನಪಿಲ್ಲ. ಇಷ್ಟು ಉತ್ತರ ಸಿಕ್ಕಿದ್ದೇ ಮೆಕ್ಯಾನಿಕ್ ತಲೆಯಾಡಿಸುತ್ತಾಳೆ. ಟ್ರೇಲರಿನ ಸೂರಿನಿಂದ ಬೀಳುವ ನೀರಿಗೆ ಎರಡು ಮೂಲ. ಒಂದು ಆಕಾಶದ್ದು, ಇನ್ನೊಂದು ಎಸಿ ತಾನೇ ಹುಟ್ಟಿಸಿದ್ದು. ಒಳಗೆ ಬೀಳುವಾಗ ಎರಡೂ ಒಂದೇ ತೂತಿನಿಂದ ಬೀಳಬಹುದು. ಆದರೆ ಮದ್ದು ಬೇರೆ ಬೇರೆ.

ಎಸಿ ನೀರು ಹುಟ್ಟಿಸುವುದು ಹೇಗೆ? ಮಜ್ಜಿಗೆ ತುಂಬಿದ ತಣ್ಣನೆಯ ಲೋಟದ ಹೊರಮೈ ಬೆವರುವ ಹಾಗೆಯೇ. ಎಸಿಯೊಳಗಿನ ಇವಾಪರೇಟರ್ ಕಾಯಿಲ್ ಐದಾರು ಡಿಗ್ರಿಯವರೆಗೂ ತಣ್ಣಗಾಗುತ್ತದೆ. ಈ ಕರಾವಳಿಯ ಬೇಸಿಗೆ ಗಾಳಿ 25 ಡಿಗ್ರಿಗೆ ಇಳಿದರೆ ಸಾಕು, ಹೊತ್ತ ತೇವವನ್ನು ಕೆಳಗಿಳಿಸತೊಡಗುತ್ತದೆ. ಹಾಗಾಗಿ ಕಾಯಿಲಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ನೀರು ಕಟ್ಟುತ್ತಲೇ ಇರುತ್ತದೆ. ಟ್ರೇಲರುಗಳಲ್ಲಿ ಸಾಮಾನ್ಯವಾಗಿರುವುದು 13,500 ಅಥವಾ 15,000 ಬಿಟಿಯು ಎಸಿ. ಗಾಳಿ ಹಸಿಯಾಗಿದ್ದಾಗ ಪೂರ್ತಿ ಬಲದಿಂದ ಓಡುವ ಇಂಥ ಎಸಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಇಳಿಸಬಲ್ಲದು. ವಿಲಿಸ್ ಕ್ಯಾರಿಯರ್ 1902ರಲ್ಲಿ ಮೊದಲ ಆಧುನಿಕ ಹವಾನಿಯಂತ್ರಣ ರೂಪಿಸಿದ್ದೇ ಗಾಳಿಯ ತೇವ ತೆಗೆಯಲು. ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ತೇವ ತೆಗೆಯುವುದು ಎಸಿಯ ಹುಟ್ಟುಗುಣ. ತೆಗೆದ ನೀರಿಗೆ ದಾರಿ ಕೊಡುವುದು ಮನುಷ್ಯರ ಜವಾಬ್ದಾರಿ.

ಮನೆಯ ಸ್ಪ್ಲಿಟ್ ಎಸಿಗೆ ಹೊರಗೆ ನೀರು ಬಿಡುವ ಕೊಳವೆ ಇರುತ್ತದೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಗೋಡೆಯ ಎಸಿ ಹನಿಯತೊಡಗಿದರೆ ಮೊದಲು ನೋಡಬೇಕಾದದ್ದು ಆ ಕೊಳವೆಯನ್ನು. ಟ್ರೇಲರಿನ ಎಸಿಗೆ ಬಹುತೇಕ ಆ ಕೊಳವೆಯೂ ಇರುವುದಿಲ್ಲ. ಕಾಯಿಲಿನ ನೀರು ಕೆಳಗಿನ ತಟ್ಟೆಗೆ, ತಟ್ಟೆಯ ತೂತುಗಳಿಂದ ಎಸಿಯ ಅಡಿಗೆ, ಅಡಿಯಿಂದ ಛಾವಣಿಯ ಮೇಲೆ ಹರಿದು ಬದಿಯಿಂದ ಕೆಳಗೆ. ಛಾವಣಿಗೆ ಎಸಿ ನೀರು ಬೀಳುವುದು ಕೆಟ್ಟದ್ದಲ್ಲ, ಮಾಡಿರುವುದೇ ಹಾಗೆ. ಅದು ಮನೆಯೊಳಗೆ ನುಗ್ಗದಂತೆ ತಡೆಯುವುದು ಒಂದೇ ಒಂದು ವಸ್ತು, ಸ್ಪಂಜಿನಂಥ ಚೌಕಾಕಾರದ ಗ್ಯಾಸ್ಕೆಟ್. ಛಾವಣಿಯಲ್ಲಿ 14 ಇಂಚು ಉದ್ದ, 14 ಇಂಚು ಅಗಲದ ಕಿಂಡಿ ಕೊರೆದಿರುತ್ತಾರೆ. ಗಾಳಿಕಿಂಡಿಗೂ ಇದೇ ಅಳತೆಯಾದ್ದರಿಂದ ಅದನ್ನು ತೆಗೆದು ಅದೇ ಜಾಗದಲ್ಲಿ ಎಸಿ ಕೂರಿಸಿಕೊಂಡವರೂ ಇದ್ದಾರೆ. ಕಿಂಡಿಯ ಸುತ್ತ ಗ್ಯಾಸ್ಕೆಟ್, ಅದರ ಮೇಲೆ ಎಸಿ, ಒಳಗಿನಿಂದ ನಾಲ್ಕು ಉದ್ದನೆಯ ಬೋಲ್ಟು. ಹೆಚ್ಚುಕಡಿಮೆ 40 ಕಿಲೋ ತೂಗುವ ಎಸಿಯನ್ನು ಹೆದ್ದಾರಿಯ ಗಾಳಿಯಲ್ಲೂ ಹಿಡಿದಿಡುವುದು ಈ ನಾಲ್ಕು ಬೋಲ್ಟುಗಳೇ.

ಮಗ 30 ಆಂಪಿಯರ್ ಕರೆಂಟಿನ ಕೇಬಲನ್ನು ಕಂಬದಿಂದ ಕೀಳುತ್ತಾನೆ. ಪ್ಲಗ್ಗನ್ನು ಕೈಯಲ್ಲಿ ಹಿಡಿದು ಅಮ್ಮನಿಗೆ ತೋರಿಸುತ್ತಾನೆ. ಪ್ಲಗ್ಗು ಕಣ್ಣಿಗೆ ಕಾಣದೆ ಆಕೆ ಏಣಿ ಹತ್ತುವುದಿಲ್ಲ.

ಛಾವಣಿಯ ಮೇಲೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಉದ್ದಕ್ಕೂ ಬಿಳಿ ಇಪಿಡಿಎಂ ರಬ್ಬರಿನ ಹಾಳೆ, ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಅದರ ಕೆಳಗೆ ತೆಳು ಹಲಗೆ, ಹಲಗೆಯ ಕೆಳಗೆ ಸಣ್ಣ ಮರದ ತೊಲೆಗಳು. ಬಿಸಿಲಿಗೆ ರಬ್ಬರು ಸೀಮೆಸುಣ್ಣದಂಥ ಪುಡಿ ಬಿಡುತ್ತದೆ. ಅಂಗೈ ಊರಿದರೆ ಬೆಳ್ಳಗಾಗುತ್ತದೆ, ಮಳೆ ಬಂದರೆ ಅದೇ ಪುಡಿ ಟ್ರೇಲರಿನ ಬದಿಗಳಲ್ಲಿ ಗೆರೆಗೆರೆಯಾಗಿ ಇಳಿಯುತ್ತದೆ. ಮೆಕ್ಯಾನಿಕ್ ನಿಂತು ನಡೆಯುವುದಿಲ್ಲ. ಎರಡು ಪ್ಲೈವುಡ್ ತುಂಡುಗಳನ್ನು ಒಂದಾದ ಮೇಲೊಂದು ಮುಂದಿಡುತ್ತ, ಭಾರ ಹಂಚಿ, ಮಂಡಿಯೂರಿ ಸಾಗುತ್ತಾಳೆ. ದಾರಿಯುದ್ದಕ್ಕೂ ಬೆರಳ ಗೆಣ್ಣಿನಿಂದ ಛಾವಣಿಯನ್ನು ಬಡಿದು ನೋಡುತ್ತಾಳೆ. ಟಕ್, ಟಕ್, ಟಕ್. ಎಸಿಯ ಎಡಬದಿಗೆ ಬಂದಾಗ ಸದ್ದು ಮಂದವಾಗುತ್ತದೆ. ಒಂದು ಕ್ಷಣ ಕೈ ಅಲ್ಲೇ ನಿಲ್ಲುತ್ತದೆ.

ಮೊದಲ ಪರೀಕ್ಷೆ ಮಳೆಯದು. ಪೈಪು ಹಿಡಿದು ತಗ್ಗಿನ ಕಡೆಯಿಂದ ಆರಂಭಿಸುತ್ತಾಳೆ. ಮೇಲಿನಿಂದ ಸುರಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಯಾವ ಸಂದು ಸೋರಿತೆಂದು ತಿಳಿಯದು. ಅಂಚಿನ ಪಟ್ಟಿ, ಗಾಳಿಕಿಂಡಿ, ಆಂಟೆನಾದ ಬುಡ, ಕೊನೆಗೆ ಎಸಿಯ ತಳದ ಸುತ್ತ. ಒಂದೊಂದಕ್ಕೂ ಹತ್ತು ನಿಮಿಷ. ಕೆಳಗೆ ಮಗ ಟಾರ್ಚು ಹಿಡಿದು ಸೂರು ನೋಡುತ್ತಾನೆ. ಪ್ರತಿ ಸಲವೂ ಅವನ ಉತ್ತರ ಒಂದೇ, ‘ಒಣಗಿದೆ’.

ಎರಡನೆಯ ಪರೀಕ್ಷೆಗೆ ಎಸಿಯ ಹೊದಿಕೆ ತೆಗೆಯಬೇಕು. ಇವರ ಭಾಷೆಯಲ್ಲಿ ಅದು ‘ಶ್ರೌಡ್’. ಬಿಸಿಲಿಗೆ ಬೆಂದು ಸಂಡಿಗೆಯಷ್ಟು ಪೆಡಸಾದ ಪ್ಲಾಸ್ಟಿಕ್ಕು. ನಾಲ್ಕು ತಿರುಪು ಬಿಚ್ಚಿ ಎರಡೂ ಕೈಯಲ್ಲಿ ಮೆಲ್ಲನೆ ಎತ್ತಿದರೆ ಒಳಗೊಂದು ಕಾಡೇ ಕಾಣುತ್ತದೆ. ಲೈವ್ ಓಕ್ ಹೆಸರಿಗೆ ನಿತ್ಯಹಸಿರು, ಆದರೆ ವಸಂತದಲ್ಲಿ ಹಳೆಯ ಎಲೆಗಳನ್ನೆಲ್ಲ ಒಮ್ಮೆಲೇ ಉದುರಿಸಿ, ಜೊತೆಗೆ ಕಂದು ಬಣ್ಣದ ಹೂಗೊಂಚಲನ್ನೂ ಸುರಿಸುತ್ತದೆ. ಆ ಎಲೆ, ಆ ಹೂಪುಡಿ, ಕಡಲ ಉಪ್ಪು, ರಸ್ತೆಯ ದೂಳು ಎಲ್ಲ ಸೇರಿ ತಟ್ಟೆಯಲ್ಲಿ ಕರಿಯ ಕೆಸರಾಗಿದೆ. ಒಂದು ಮೂಲೆಯಲ್ಲಿ ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡು. ನೀರು ಹೊರಹೋಗುವ ಎರಡು ತೂತುಗಳಲ್ಲಿ ಒಂದನ್ನು ಅದು ಪೂರ್ತಿ ಮುಚ್ಚಿಬಿಟ್ಟಿದೆ. ಮೆಕ್ಯಾನಿಕ್ ಮೊದಲು ಕೆಪಾಸಿಟರಿನ ವಿದ್ಯುತ್ತನ್ನು ಇಳಿಸುತ್ತಾಳೆ. ಕರೆಂಟು ಕಿತ್ತ ಮೇಲೂ ಅದರಲ್ಲಿ ಜೋರಾಗಿ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಆಮೇಲೆ ಗೂಡು ಕೆರೆದು, ಕೆಸರು ಬಳಿದು, ತೂತುಗಳಿಗೆ ತಂತಿ ಆಡಿಸುತ್ತಾಳೆ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಬೇರೆ ಯಾರಾದರೂ ಏಣಿ ಇಳಿಯುತ್ತಿದ್ದರೇನೋ. ಆಕೆ ಇಳಿಯಲಿಲ್ಲ. ಚೊಂಬಿನಷ್ಟು ನೀರಿಗೆ ಕೇಕಿಗೆ ಹಾಕುವ ನೀಲಿ ಬಣ್ಣದ ನಾಲ್ಕು ತೊಟ್ಟು ಹಾಕಿ, ಕಾಯಿಲಿನ ಕೆಳಗಿನ ತಟ್ಟೆಗೆ ಸಣ್ಣಗೆ ಸುರಿಯುತ್ತಾಳೆ. ತೂತು ಈಗ ತೆರೆದಿದೆ, ನೀಲಿ ನೀರು ಎಸಿಯ ಅಡಿಗೆ ಇಳಿಯುತ್ತದೆ. ಇಳಿದದ್ದು ಛಾವಣಿಯ ಮೇಲೆ ಕಾಣಿಸಿಕೊಳ್ಳಬೇಕು. ಕಾಣಿಸುವುದಿಲ್ಲ. ಇನ್ನೊಂದು ಚೊಂಬು ಸುರಿದರೂ ಬಿಳಿ ರಬ್ಬರು ಬಿಳಿಯಾಗಿಯೇ ಇದೆ. ಅಷ್ಟರಲ್ಲಿ ಕೆಳಗಿನಿಂದ ಮಗನ ಕೂಗು. ಬೋಗುಣಿಯಲ್ಲಿ ಹಾಸಿದ್ದ ಬಿಳಿ ಕಾಗದದ ನಡುವೆ ನಾಣ್ಯದಷ್ಟು ಅಗಲದ ನೀಲಿ ಚುಕ್ಕೆ.

ಕಳ್ಳ ಸಿಕ್ಕಿಬಿದ್ದ. ಇನ್ನು ಅವನು ಬಂದ ದಾರಿ ಹುಡುಕಬೇಕು. ಮೆಕ್ಯಾನಿಕ್ ಕೆನ್ನೆಯನ್ನು ಛಾವಣಿಗೆ ತಾಗಿಸಿ ಎಸಿಯ ಬುಡವನ್ನು ನೋಡುತ್ತಾಳೆ. ಬುಡದ ಸುತ್ತ, ನಾಲ್ಕೂ ಬದಿಗೆ, ಒಂದಿಷ್ಟೂ ಸಂದು ಬಿಡದಂತೆ ದಪ್ಪನೆಯ ಸಿಲಿಕೋನ್ ಅಂಟು ಬಳಿದಿದೆ. ಟ್ರೇಲರಿನ ಹಿಂದಿನ ಮಾಲೀಕರಾರೋ ಯಾವುದೋ ಮಳೆಗಾಲದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸವಿರಬೇಕು. ಹೊರಗಿನ ನೀರು ಒಳಬರದಿರಲೆಂದು ಕಟ್ಟಿದ ಆ ಕಟ್ಟೆ, ಒಳಗಿನ ನೀರನ್ನು ಹೊರಹೋಗಲು ಬಿಡುತ್ತಿಲ್ಲ. ಎಸಿ ಇಳಿಸುವ ಲೀಟರುಗಟ್ಟಲೆ ನೀರು ಅಡಿಯಲ್ಲೇ ನಿಂತು, ಏರಿ, ಗ್ಯಾಸ್ಕೆಟ್ಟಿನ ಬಲ ಕುಂದಿದ ಕಡೆಯಿಂದ ಕಿಂಡಿಗೆ ಇಳಿಯುತ್ತಿದೆ. ಬಿರುಮಳೆಯ ದಿನ ಹೊದಿಕೆಯ ಸೀಳುಗಳಿಂದ ನುಗ್ಗಿದ ಮಳೆನೀರೂ ಅದೇ ಕಟ್ಟೆಯೊಳಗೆ ಸಿಕ್ಕಿಕೊಂಡಿತ್ತು. ನರ್ಸಮ್ಮನಿಗೆ ಮಳೆಯೇ ಕಾರಣವೆಂದು ಅನ್ನಿಸಿದ್ದು ಅದಕ್ಕೇ.

ಪ್ಲಾಸ್ಟಿಕ್ಕಿನ ಉಳಿಯನ್ನು ಸಿಲಿಕೋನಿನ ಅಡಿಗೆ ತೂರಿಸಿ ಮೆಲ್ಲಗೆ ಎಬ್ಬಿಸುತ್ತಾಳೆ. ಉಕ್ಕಿನ ಉಳಿಯಾದರೆ ರಬ್ಬರು ಹರಿದುಹೋದೀತು. ಒಂದು ಗೇಣುದ್ದ ಪಟ್ಟಿ ಎದ್ದು ಬಂದದ್ದೇ ತಡ, ಅಡಿಯಿಂದ ನೀರು ಧುಮುಕುತ್ತದೆ. ಮೊದಲು ಕಂದು, ಆಮೇಲೆ ಹಸಿರುಗಟ್ಟಿದ ಲೋಳೆ, ಆಮೇಲೆ ನೀಲಿ. ಕೊಳೆತ ಓಕ್ ಎಲೆಗಳನ್ನು ಹೊತ್ತುಕೊಂಡು ಬಿಳಿ ಛಾವಣಿಯ ಮೇಲೆ ಅಂಕುಡೊಂಕಾಗಿ ಹರಿದು, ಅಂಚು ತಲುಪಿ, ಕೆಳಗಿನ ಜಲ್ಲಿಯ ಮೇಲೆ ಸುರಿಯುತ್ತದೆ. ಕೆಳಗೆ ನಿಂತಿದ್ದ ನರ್ಸಮ್ಮ ಹಿಂದಕ್ಕೆ ಜಿಗಿದು, ಬಾಯಿಗೆ ಕೈಯಿಟ್ಟುಕೊಂಡು ನೋಡುತ್ತಾರೆ. ಇಷ್ಟು ನೀರು ತಮ್ಮ ತಲೆಯ ಮೇಲೆ ನಿಂತಿತ್ತೇ ಎಂಬ ಬೆರಗು.

ಹಳೆಯ ಗ್ಯಾಸ್ಕೆಟ್ ಬದಲಿಸಲೇಬೇಕು. ಕೆಲಸ ಈಗ ಒಳಗೆ. ಸೂರಿನ ಜಾಲರಿ, ಫಿಲ್ಟರು, ಅದರ ಮೇಲಿನ ಗಾಳಿ ಹಂಚುವ ಪೆಟ್ಟಿಗೆ ಎಲ್ಲ ಕಳಚಿಕೊಳ್ಳುತ್ತವೆ. ತಂತಿಗಳನ್ನು ಬಿಡಿಸುವ ಮುಂಚೆ ಮಗ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುತ್ತಾನೆ. ನಾಲ್ಕು ಬೋಲ್ಟುಗಳಲ್ಲಿ ಎರಡು ಕೈಯಲ್ಲೇ ತಿರುಗುತ್ತವೆ. ಅಮೆರಿಕದ ಟ್ರೇಲರುಗಳ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅಲ್ಲಿಂದ ಈ ಕಡಲತೀರಕ್ಕೆ ಸುಮಾರು ಎರಡು ಸಾವಿರ ಕಿಲೋಮೀಟರು. ಅಂಥ ದಾರಿಯ ಪ್ರತಿ ಕುಲುಕಾಟವೂ ಬೋಲ್ಟನ್ನು ಕೂದಲೆಳೆಯಷ್ಟು ಸಡಿಲಿಸುತ್ತದೆ.

ಬೋಲ್ಟು ಕಳಚಿದ ಮೇಲೆ ಅಮ್ಮ ಮಗ ಇಬ್ಬರೂ ಮೇಲೆ ಹೋಗಿ ಎಸಿಯನ್ನು ಹಿಂದಕ್ಕೆ ವಾಲಿಸುತ್ತಾರೆ. ಛಾವಣಿಯ ಮೇಲೆ ಅದನ್ನು ಎಳೆದಾಡುವ ಹಾಗಿಲ್ಲ, ಎಳೆದರೆ ರಬ್ಬರು ಸೀಳುತ್ತದೆ. ಅಡಿಯಲ್ಲಿ ಕಂಡ ಗ್ಯಾಸ್ಕೆಟ್ಟು ಒಂದು ಬದಿಯಲ್ಲಿ ದಪ್ಪ, ಇನ್ನೊಂದು ಬದಿಯಲ್ಲಿ ರಟ್ಟಿನಷ್ಟು ಚಪ್ಪಟೆ. ಹಿಂಡಿದರೆ ಪುಟಿಯುವ ಗುಣ ಹೋಗಿ ಮುಷ್ಟಿಯಲ್ಲಿ ಪುಡಿಯಾಗುತ್ತದೆ. ಎಡಬದಿಯೇ ಚಪ್ಪಟೆಯಾದದ್ದು ಏಕೆಂದು ಮಟ್ಟಗೋಲು ಇಟ್ಟ ಕೂಡಲೇ ತಿಳಿಯುತ್ತದೆ. ಟ್ರೇಲರು ಎಡಕ್ಕೆ ವಾಲಿ ನಿಂತಿದೆ. ಎಸಿಯ ಭಾರವೆಲ್ಲ ಆ ಕಡೆಗೆ, ನಿಂತ ನೀರೂ ಆ ಕಡೆಗೆ.

ಇನ್ನು ಮಂದ ಸದ್ದು ಕೇಳಿದ ಜಾಗ. ಕಿಂಡಿಯ ಅಂಚಿನ ಹಲಗೆ ಬೂದುಗಪ್ಪಾಗಿದೆ. ಮೆಕ್ಯಾನಿಕ್ ದಬ್ಬಳದಂಥ ಮೊನೆಯಿಂದ ಪ್ರತಿ ಬೆರಳಗಲಕ್ಕೊಂದು ಕಡೆ ಚುಚ್ಚಿ ನೋಡುತ್ತಾಳೆ. ಮೂರು ಬದಿಯಲ್ಲಿ ಮೊನೆ ಇಳಿಯುವುದಿಲ್ಲ. ಎಡಬದಿಯಲ್ಲಿ ಒಂದು ಅಂಗೈಯಷ್ಟು ಜಾಗದಲ್ಲಿ ಬೆಣ್ಣೆಯೊಳಗೆ ಹೋದಷ್ಟು ಸಲೀಸಾಗಿ ಇಳಿಯುತ್ತದೆ. ಆ ತುಂಡನ್ನು ಒಳಗಿನಿಂದ ಕತ್ತರಿಸಿ ತೆಗೆದು, ಹೊಸ ಪ್ಲೈವುಡ್ ತುಂಡು ಕೂರಿಸಿ, ಅಡಿಯಿಂದ ಒತ್ತುಪಟ್ಟಿ ಕೊಡುತ್ತಾಳೆ. ಅದಕ್ಕೆ ಮೊದಲು ಫ್ಯಾನು ಹಚ್ಚಿ ಸುತ್ತಲಿನ ಮರವನ್ನೆಲ್ಲ ಒಣಗಿಸುವ ಕೆಲಸ. ಊಟದ ಹೊತ್ತು ಕಳೆಯುತ್ತದೆ, ಬಿಸಿಲು ಏರುತ್ತದೆ. ತೇವ ಅಳೆಯುವ ಯಂತ್ರ ಒಪ್ಪುವವರೆಗೆ ಆಕೆ ಗ್ಯಾಸ್ಕೆಟ್ಟಿನ ಪೊಟ್ಟಣವನ್ನೇ ಒಡೆಯುವುದಿಲ್ಲ. ಹಸಿ ಮರದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿದರೆ ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದಂತೆ ಎಂಬುದು ಆಕೆಯ ಮಾತು.

ಸಿಲಿಕೋನ್ ಬಿಡಿಸುವುದೇ ದೊಡ್ಡ ಗೋಳು. ಅದರ ತೆಳುಪೊರೆ ಎಲ್ಲೇ ಉಳಿದರೂ ಅದರ ಮೇಲೆ ಬೇರೆ ಯಾವ ಅಂಟೂ ಹಿಡಿಯದು. ಪೆಟ್ರೋಲಿಯಂ ದ್ರಾವಕ ಬಳಸಿದರೆ ಇಪಿಡಿಎಂ ರಬ್ಬರು ಉಬ್ಬಿ ಹಾಳಾಗುತ್ತದೆ. ಹಾಗಾಗಿ ಉಗುರಿನಿಂದ, ಪ್ಲಾಸ್ಟಿಕ್ ಉಳಿಯಿಂದ, ಒರಟು ಬಟ್ಟೆಯಿಂದ ತಾಳ್ಮೆಯಿಂದಲೇ ತೆಗೆಯಬೇಕು. ಟ್ರೇಲರ್ ಛಾವಣಿಗೆಂದೇ ‘ಲ್ಯಾಪ್ ಸೀಲಂಟ್’ ಎಂಬ ಅಂಟು ಇದೆ, ಹಿಂಡಿದಲ್ಲಿ ತಾನೇ ಹರಡಿ ಸಮವಾಗಿ ಕೂರುತ್ತದೆ. ಗಾಳಿಕಿಂಡಿಯ ಅಂಚಿಗೆ, ಆಂಟೆನಾದ ಬುಡಕ್ಕೆ, ತಿರುಪುಗಳ ತಲೆಗೆ ಅದನ್ನು ಹಾಕುತ್ತಾಳೆ. ಎಸಿಯ ಬುಡಕ್ಕೆ ಮಾತ್ರ ಒಂದು ತೊಟ್ಟೂ ಇಲ್ಲ.

ಹೊಸ ಗ್ಯಾಸ್ಕೆಟ್ಟು ಒಂದು ಇಂಚಿನಷ್ಟು ದಪ್ಪ, ಕಪ್ಪು, ಮೃದು. ಕಿಂಡಿಗೆ ಸರಿಯಾಗಿ ಅದನ್ನು ಕೂರಿಸಿ, ಎಸಿಯನ್ನು ಎತ್ತಿ ನೇರಕ್ಕೆ ಇಳಿಸುತ್ತಾರೆ. ಒಳಗಿನಿಂದ ಬೋಲ್ಟು ಬಿಗಿಯುವುದು ಎದುರುಬದುರು ಮೂಲೆಗಳ ಲೆಕ್ಕದಲ್ಲಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಗುರಿ ಒಂದೇ, ಒಂದು ಇಂಚಿನ ಗ್ಯಾಸ್ಕೆಟ್ಟು ನಾಲ್ಕೂ ಬದಿಗೆ ಅರ್ಧ ಇಂಚಿಗೆ ಒತ್ತಬೇಕು. ಕಡಿಮೆ ಬಿಗಿದರೆ ನೀರು ನುಗ್ಗುತ್ತದೆ. ಜಾಸ್ತಿ ಬಿಗಿದರೆ ಗ್ಯಾಸ್ಕೆಟ್ಟು ಸತ್ತುಹೋಗುತ್ತದೆ, ಸೂರೂ ಬಾಗುತ್ತದೆ. ಕಿಂಡಿಯೊಳಗೆ ಕೈ ತೂರಿಸಿ ಬೆರಳಿನಿಂದ ನಾಲ್ಕೂ ಬದಿಯನ್ನು ತಡವಿ ನೋಡುವ ಆಕೆಯ ಮುಖದಲ್ಲಿ ನಾಡಿ ಹಿಡಿದ ವೈದ್ಯರ ಗಮನ. ಆಮೇಲೆ ತಂಪು ಗಾಳಿ ಹೋಗುವ ದಾರಿಗೂ ಕೋಣೆಯ ಗಾಳಿ ಬರುವ ದಾರಿಗೂ ನಡುವಿನ ಸಂದನ್ನು ಫಾಯಿಲ್ ಟೇಪಿನಿಂದ ಮುಚ್ಚುತ್ತಾಳೆ. ಅಲ್ಲಿ ತಂಪು ಗಾಳಿ ನುಸುಳಿದರೆ ಪೆಟ್ಟಿಗೆಯೇ ಬೆವರಿ ಮತ್ತೊಂದು ಹನಿ ಶುರುವಾಗುತ್ತದೆ. ಫಿಲ್ಟರು ತೊಳೆದು ಒಣಗಿಸಿ ಹಾಕುತ್ತಾಳೆ. ಅದು ಕಟ್ಟಿಕೊಂಡರೆ ಗಾಳಿ ಸಾಲದೆ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಕರಗಿದಾಗ ತಟ್ಟೆ ಹಿಡಿಯಲಾರದಷ್ಟು ನೀರು ಒಮ್ಮೆಗೇ ಬೀಳುತ್ತದೆ. ಕೊನೆಗೆ ಜ್ಯಾಕಿನಿಂದ ಟ್ರೇಲರಿನ ಎಡಬದಿಯನ್ನು ಎತ್ತಿ ಹಲಗೆ ಕೊಟ್ಟು ಮಟ್ಟ ಮಾಡುತ್ತಾಳೆ.

ಇಳಿಹೊತ್ತಿಗೆ ಪ್ಲಗ್ಗು ಕಂಬಕ್ಕೆ ಮರಳುತ್ತದೆ. ಎಸಿ ಒಮ್ಮೆ ಕೆಮ್ಮಿ, ನಡುಗಿ, ಓಡತೊಡಗುತ್ತದೆ. ಮೆಕ್ಯಾನಿಕ್ ಒಳಬರುವ ಗಾಳಿಗೊಂದು, ಹೊರಬೀಳುವ ಗಾಳಿಗೊಂದು ಥರ್ಮಾಮೀಟರ್ ಹಿಡಿಯುತ್ತಾಳೆ. ವ್ಯತ್ಯಾಸ ಹನ್ನೊಂದು ಡಿಗ್ರಿ ಸೆಲ್ಸಿಯಸ್. ಒಂಬತ್ತರಿಂದ ಹನ್ನೆರಡರ ಒಳಗಿದ್ದರೆ ಎಸಿ ಆರೋಗ್ಯವಾಗಿದೆ ಎಂದು ಲೆಕ್ಕ. ಹೊರಗೆ, ಟ್ರೇಲರಿನ ಬದಿಯಿಂದ ಸಣ್ಣ ಧಾರೆಯೊಂದು ಜಲ್ಲಿಯ ಮೇಲೆ ಬೀಳತೊಡಗುತ್ತದೆ. ಪಕ್ಕದ ಟ್ರೇಲರಿನವರು ಬಂದು, ‘ಅಯ್ಯೋ, ಹೊರಗೆ ಸೋರುತ್ತಿದೆಯಲ್ಲ’ ಎನ್ನುತ್ತಾರೆ. ‘ಅಲ್ಲೇ ಸೋರಬೇಕು’ ಎನ್ನುತ್ತಾಳೆ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ.

ಆ ಮಾತು ಈ ಇಡೀ ಕಸುಬಿನ ಸಾರ. ದುರಸ್ತಿಗೆ ಬಳಸಿದ ಸಾಮಗ್ರಿಯೆಂದರೆ ಒಂದು ಗ್ಯಾಸ್ಕೆಟ್ಟು, ಅಂಗೈಯಗಲದ ಪ್ಲೈವುಡ್ಡು, ಒಂದಿಷ್ಟು ಟೇಪು. ಇನ್ನೆರಡು ಬೇಸಿಗೆ ಹೀಗೇ ಬಿಟ್ಟಿದ್ದರೆ ಛಾವಣಿಯನ್ನೇ ಕಿತ್ತು ಕಟ್ಟಬೇಕಾಗುತ್ತಿತ್ತು, ಅದಕ್ಕೆ ಸಾವಿರಾರು ಡಾಲರ್. ಮನೆ ಉಳಿಸಿದ್ದು ದುಬಾರಿ ಸಾಮಾನಲ್ಲ, ಏಣಿ ಹತ್ತುವ ಮುಂಚೆ ಕೇಳಿದ ಮೂರು ಪ್ರಶ್ನೆ ಮತ್ತು ನಾಲ್ಕು ತೊಟ್ಟು ನೀಲಿ ಬಣ್ಣ. ಸೋರಿಕೆ ಕಂಡ ಕೂಡಲೇ ಅಂಟು ಬಳಿಯುವವರು ಕಣ್ಣಿಗೆ ಕಾಣುವ ಸಂದನ್ನು ಮುಚ್ಚುತ್ತಾರೆ. ನೀರನ್ನು ಓದಬಲ್ಲವರು ಅದಕ್ಕೆ ಬೇಕಾದ ದಾರಿಯನ್ನು ಬಿಡಿಸಿಕೊಡುತ್ತಾರೆ. ನನಗೆ ಗೌರವ ಹುಟ್ಟಿದ್ದು ಈ ಓದಿನ ಬಗ್ಗೆ.

ಅಮೆರಿಕದಲ್ಲಿ ನೆಲೆಸಿ, ಮಕ್ಕಳನ್ನು ಕಟ್ಟಿಕೊಂಡು ಟ್ರೇಲರಿನಲ್ಲಿ ಊರೂರು ಸುತ್ತುವ ಆಸೆ ಇಟ್ಟುಕೊಂಡಿರುವ ಕನ್ನಡದ ಸಂಸಾರಗಳಿಗೆ ನನ್ನದೊಂದು ಕೋರಿಕೆ. ವಸಂತದ ಎಲೆ ಉದುರಿದ ಮೇಲೊಮ್ಮೆ, ಬೇಸಿಗೆ ಮುಗಿದ ಮೇಲೊಮ್ಮೆ ಕರೆಂಟು ಕಿತ್ತು, ಏಣಿ ಹಾಕಿ, ಹೊದಿಕೆ ಎತ್ತಿ ತಟ್ಟೆಯ ತೂತುಗಳನ್ನು ನೋಡಿ. ಒಳಗಿನ ನಾಲ್ಕು ಬೋಲ್ಟುಗಳನ್ನು ಮುಟ್ಟಿ ನೋಡಿ. ಎಲ್ಲಿ ನಿಲ್ಲಿಸಿದರೂ ಮಟ್ಟ ಮಾಡಿ ನಿಲ್ಲಿಸಿ. ಸೂರಿನಲ್ಲಿ ಕಲೆ ಕಂಡರೆ ಮೊದಲು ಆಕಾಶ ನೋಡಿ, ಆಮೇಲೆ ಎಸಿಯ ಸ್ವಿಚ್ಚು ನೋಡಿ. ಯಾವ ನೀರೆಂದು ತಿಳಿಯುವ ತನಕ ಅಂಟಿನ ಟ್ಯೂಬಿನ ಮುಚ್ಚಳ ತೆಗೆಯಬೇಡಿ. ಎಸಿಯ ಬುಡದ ಸುತ್ತ ಅಂಟನ್ನಂತೂ ಎಂದಿಗೂ ಬಳಿಯಬೇಡಿ.